ನಾಲ್ಕು ಹೊಲ ಕೊಯ್ದು ಇಡೀ ಪಂಚಾಯಿತಿಯ ಇಳುವರಿ ಹೇಳುವುದು ಮೋಸವೇ? ಉಪಗ್ರಹ ಹೇಳಿದ್ದೇ ಸತ್ಯವೇ?

ಬೆಳೆ ವಿಮೆ ಹಣದ ಮಾತು ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶ ಓಡಾಡುತ್ತವೆ.

ಒಂದು: "ಸಾವಿರಾರು ಎಕರೆಯ ಪಂಚಾಯಿತಿಯಲ್ಲಿ ನಾಲ್ಕೇ ಕಡೆ ಕೊಯ್ದು ಇಳುವರಿ ಬರೆಯುತ್ತಾರೆ. ಇದು ಶುದ್ಧ ಮೋಸ."

ಇನ್ನೊಂದು: "ಉಪಗ್ರಹಕ್ಕೆ ಪ್ರತಿ ಹೊಲವೂ ಕಾಣುತ್ತದೆ. ಅದರ ಲೆಕ್ಕ ತಪ್ಪುವುದೇ ಇಲ್ಲ. ಕಟಾವು ಪ್ರಯೋಗ ನಿಲ್ಲಿಸಿ ಉಪಗ್ರಹದಿಂದಲೇ ವಿಮೆ ಕೊಡಲಿ."

ನವಲಗುಂದದ ಹೆಸರು, ಅಣ್ಣಿಗೇರಿಯ ಕಡಲೆ, ಕುಂದಗೋಳದ ಮೆಣಸಿನಕಾಯಿ, ಕಲಘಟಗಿಯ ಭತ್ತ, ಯಾವ ಬೆಳೆಗೆ ವಿಮೆ ಕಟ್ಟಿದ್ದರೂ ಈ ಪ್ರಶ್ನೆ ನಿಮ್ಮ ಖಾತೆಗೆ ಸಂಬಂಧಿಸಿದ್ದು. ಹಾಗಾಗಿ ನಿಧಾನವಾಗಿ ನೋಡೋಣ.

ಚುಟುಕು ಉತ್ತರ

ಎರಡೂ ಸಂದೇಶ ಅರ್ಧ ಮಾತ್ರ ಸರಿ. ನಾಲ್ಕು ಹೊಲದ ಲೆಕ್ಕ ಆಚೀಚೆ ಓಲಾಡುತ್ತದೆ. ಆದರೆ ಹೊಲವನ್ನು ಚೀಟಿ ಎತ್ತಿದಂತೆ ಆರಿಸಿ, ಸರಿಯಾಗಿ ಅಳೆದು ಕೊಯ್ದರೆ ಅದು ಒಂದೇ ಕಡೆಗೆ ವಾಲುವುದಿಲ್ಲ. ಉಪಗ್ರಹದ ಲೆಕ್ಕ ಅಷ್ಟಾಗಿ ಓಲಾಡುವುದಿಲ್ಲ. ಆದರೆ ಒಂದೇ ಕಡೆಗೆ ವಾಲಿಬಿಡುವ ಅಪಾಯ ಅದಕ್ಕಿದೆ. ಯಾವುದು ಉತ್ತಮ ಎಂದು ಹೇಳಬೇಕಾದರೆ ಈ ಎರಡು ತಪ್ಪುಗಳನ್ನೂ ಸೇರಿಸಿ ಅಳೆಯಬೇಕು.

ಇಳುವರಿ ಅಂದಾಜಿಗೂ ನಿಮ್ಮ ಖಾತೆಗೂ ಏನು ಸಂಬಂಧ?

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಲ್ಲಿ ಶುರುವಾಯಿತು. ಆಹಾರ ಧಾನ್ಯ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತರ ಪಾಲಿನ ಕಂತು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5. ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5.

ಇಳುವರಿ ಆಧಾರದ ಪರಿಹಾರಕ್ಕೆ ನಿಮ್ಮೊಬ್ಬರ ಹೊಲವನ್ನು ಯಾರೂ ತೂಗುವುದಿಲ್ಲ. ಇಡೀ ವಿಮಾ ಘಟಕದ ಸರಾಸರಿ ಇಳುವರಿಯನ್ನು ನೋಡುತ್ತಾರೆ. ಮುಖ್ಯ ಬೆಳೆಗಳಿಗೆ ಆ ಘಟಕ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಆ ಸರಾಸರಿ 'ಪ್ರಾರಂಭಿಕ ಇಳುವರಿ'ಗಿಂತ ಎಷ್ಟು ಕಡಿಮೆಯಾಯಿತೋ ಅಷ್ಟು ಪಾಲು ವಿಮಾ ಮೊತ್ತ ಸಿಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಪ್ರಾರಂಭಿಕ ಇಳುವರಿ ಎಕರೆಗೆ 320 ಕೆಜಿ, ವಿಮಾ ಮೊತ್ತ ಎಕರೆಗೆ 16,000 ರೂಪಾಯಿ ಎಂದುಕೊಳ್ಳಿ. ಪಂಚಾಯಿತಿಯ ನಿಜವಾದ ಸರಾಸರಿ 240 ಕೆಜಿ ಬಂದಿದೆ. ಅಂದರೆ 80 ಕೆಜಿ ಕೊರತೆ, 320ರಲ್ಲಿ ಕಾಲು ಭಾಗ. ಪರಿಹಾರ ಎಕರೆಗೆ 4,000 ರೂಪಾಯಿ. ಈಗ ಅಂದಾಜು ಮಾಡಿದವರು 240ರ ಬದಲು 275 ಎಂದು ಬರೆದರೆ? ಕೊರತೆ 45 ಕೆಜಿಗೆ ಇಳಿಯುತ್ತದೆ, ಪರಿಹಾರ 2,250 ರೂಪಾಯಿ. ಬರೀ 35 ಕೆಜಿ ಹೆಚ್ಚುಕಮ್ಮಿಯಲ್ಲಿ ಎಕರೆಗೆ 1,750 ರೂಪಾಯಿ ಹೋಯಿತು. ನಾಲ್ಕು ಎಕರೆಯವರಿಗೆ 7,000.

ತಪ್ಪು ಕೆಳಮುಖವಾಗಿದ್ದರೆ ರೈತರಿಗೆ ಹೆಚ್ಚು ಬರುತ್ತದೆ, ಮೇಲ್ಮುಖವಾಗಿದ್ದರೆ ಕಡಿಮೆ. ಆದ್ದರಿಂದ ತಪ್ಪು ಎಷ್ಟು ದೊಡ್ಡದು ಎಂಬುದರ ಜೊತೆಗೆ ಅದು ಯಾವ ಕಡೆಗೆ ಎಂಬುದನ್ನೂ ಕೇಳಬೇಕು.

ಎರಡು ಕೆಟ್ಟ ತಕ್ಕಡಿಗಳು

ನಿಮ್ಮ ಮುಂದೆ ಎರಡು ತಕ್ಕಡಿ ಇವೆ. ಎರಡರಲ್ಲೂ 50 ಕೆಜಿ ಚೀಲ ಇಡುತ್ತೀರಿ.

ಮೊದಲನೆಯದು ಒಮ್ಮೆ 47, ಒಮ್ಮೆ 53, ಒಮ್ಮೆ 49, ಒಮ್ಮೆ 51 ತೋರಿಸುತ್ತದೆ. ಮುಳ್ಳು ನಿಲ್ಲುವುದೇ ಇಲ್ಲ. ಆದರೆ ಹತ್ತಾರು ಸಲ ತೂಗಿ ಸರಾಸರಿ ತೆಗೆದರೆ 50ರ ಹತ್ತಿರವೇ ಬರುತ್ತದೆ. ಇದು ಚದುರುವಿಕೆಯ ತಪ್ಪು.

ಎರಡನೆಯದು ಪ್ರತಿ ಸಲವೂ 48 ತೋರಿಸುತ್ತದೆ. ಮುಳ್ಳು ಅಲುಗಾಡುವುದಿಲ್ಲ, ನೋಡಿದರೆ ನಂಬಿಕೆ ಬರುತ್ತದೆ. ಆದರೆ ನೂರು ಸಲ ತೂಗಿದರೂ 48ಕ್ಕೆ 48. ಇದು ವಾಲುವಿಕೆಯ ತಪ್ಪು. ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ 'ಅಭಿನತಿ' ಎನ್ನುತ್ತಾರೆ.

ಮೊದಲ ತಪ್ಪನ್ನು ಹೆಚ್ಚು ಸಲ ತೂಗಿ ಕಡಿಮೆ ಮಾಡಬಹುದು. ಎರಡನೆಯದು ಎಷ್ಟು ತೂಗಿದರೂ ಹೋಗದು, ತಕ್ಕಡಿಯನ್ನೇ ರಿಪೇರಿ ಮಾಡಬೇಕು. ಅದರ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಹಳೆಯ ವಿಧಾನ: ಆಣೆವಾರಿ

ನಮ್ಮ ಭಾಗದ ಹಿರಿಯರು ಈಗಲೂ 'ಎಂಟಾಣೆ ಬೆಳೆ' ಎಂಬ ಮಾತು ಆಡುತ್ತಾರೆ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ ಲೆಕ್ಕವಿದು. ಪೂರ್ಣ ಬೆಳೆ ಎಂದರೆ ಹದಿನಾರಾಣೆ. ಅಧಿಕಾರಿಗಳು ಹೊಲ ನೋಡಿ, ಬೆಳೆ ಎಷ್ಟಾಣೆ ಎಂದು ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. ಅದರ ಮೇಲೆ ಕಂದಾಯದ ರಿಯಾಯಿತಿ ನಿರ್ಧಾರವಾಗುತ್ತಿತ್ತು.

ಆ ಅಂದಾಜು ಎಷ್ಟು ದೊಡ್ಡ ಜಗಳಕ್ಕೆ ಕಾರಣವಾಗಬಹುದು ಎಂಬುದಕ್ಕೆ ಅದೇ ಪ್ರಾಂತ್ಯದ, ಈಗ ಗುಜರಾತಿನಲ್ಲಿರುವ ಖೇಡಾ ಜಿಲ್ಲೆ ಸಾಕ್ಷಿ. ಬೆಳೆ ನಾಲ್ಕಾಣೆಗಿಂತ ಕಡಿಮೆಯಾದರೆ ಆ ವರ್ಷ ಕಂದಾಯ ಕೇಳುವಂತಿಲ್ಲ ಎಂಬ ನಿಯಮವಿತ್ತು. ನಾಲ್ಕಾಣೆಗಿಂತ ಕಡಿಮೆ ಎಂದು ರೈತರು, ಹೆಚ್ಚು ಎಂದು ಸರ್ಕಾರ. 1918ರ ಖೇಡಾ ಸತ್ಯಾಗ್ರಹದ ಮೂಲದಲ್ಲಿ ಇದ್ದದ್ದು ಒಂದೇ ಬೆಳೆಯ ಎರಡು ಅಂದಾಜುಗಳ ಜಗಳ.

ಕಣ್ಣಂದಾಜಿನ ಗುಣ ಎಂದರೆ ಊರೆಲ್ಲ ತಿರುಗಿ ನೋಡಬಹುದು. ದೋಷ ಎಂದರೆ ನೋಡುವವರ ಮನಸ್ಸು ಎತ್ತ ವಾಲಿದೆಯೋ ಅಂಕಿಯೂ ಅತ್ತ ವಾಲುತ್ತದೆ. ಅದು ಎರಡನೇ ತಕ್ಕಡಿ.

ನಾಲ್ಕು ಕಡೆ ಕೊಯ್ದರೆ ಸಾಕೇ?

ಕಣ್ಣಂದಾಜಿನ ಜಾಗಕ್ಕೆ ಬಂದದ್ದೇ ಬೆಳೆ ಕಟಾವು ಪ್ರಯೋಗ. ಸರ್ವೆ ನಂಬರುಗಳಿಂದ ಕೆಲವನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸುತ್ತಾರೆ. ಆ ಹೊಲದೊಳಗೆ ಎಲ್ಲಿ ಕೊಯ್ಯಬೇಕು ಎಂಬುದನ್ನೂ ಹಾಗೆಯೇ ಗುರುತಿಸುತ್ತಾರೆ. ಹೆಚ್ಚಿನ ಬೆಳೆಗಳಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕು ಹಾಕಿ, ಕೊಯ್ದು, ಕಾಳು ಬಿಡಿಸಿ ತೂಗುತ್ತಾರೆ. ವಿಮಾ ಯೋಜನೆಯ ಮಾರ್ಗಸೂಚಿಯಲ್ಲಿ ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ 4, ಹೋಬಳಿ ಘಟಕಕ್ಕೆ ಕನಿಷ್ಠ 10, ತಾಲ್ಲೂಕು ಘಟಕಕ್ಕೆ ಕನಿಷ್ಠ 16 ಪ್ರಯೋಗ ಎಂದಿದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಪಾತ್ರೆ ಚಿಕ್ಕದಿರಲಿ, ಮದುವೆ ಮನೆಯ ಹಂಡೆಯಿರಲಿ, ಒಂದೇ ಅಗುಳು. ಹಾಗೆಯೇ ಪಂಚಾಯಿತಿ 2,000 ಎಕರೆಯದೋ 5,000 ಎಕರೆಯದೋ ಎಂಬುದರಿಂದ ಲೆಕ್ಕದ ನಿಖರತೆ ಹೆಚ್ಚೇನೂ ಬದಲಾಗದು. 'ಸಾವಿರಾರು ಎಕರೆಗೆ ನಾಲ್ಕೇ' ಎಂಬ ಸಂದೇಶ ಎಡವುವುದು ಇಲ್ಲೇ.

ಆದರೆ ಹೊಲ ಅನ್ನದ ಪಾತ್ರೆಯಲ್ಲ. ಪಾತ್ರೆಯಲ್ಲಿ ಎಲ್ಲ ಅಗುಳೂ ಒಂದೇ ಹದಕ್ಕೆ ಬೆಂದಿರುತ್ತವೆ. ಬೆಣ್ಣೆಹಳ್ಳದ ದಂಡೆಯ ಎರೆ ಹೊಲದಲ್ಲಿ ನೀರು ನಿಂತು ಹೆಸರು ಕೊಳೆತಿದ್ದರೆ, ಅದೇ ಊರಿನ ಎತ್ತರದ ಹೊಲದಲ್ಲಿ ಬೆಳೆ ಚೆನ್ನಾಗಿಯೇ ಇರಬಹುದು. ಹೊಲದಿಂದ ಹೊಲಕ್ಕೆ ವ್ಯತ್ಯಾಸ ಹೆಚ್ಚಿದಷ್ಟೂ ನಾಲ್ಕು ತಾಕಿನ ಸರಾಸರಿ ಓಲಾಡುತ್ತದೆ.

ನಮ್ಮ ಉದಾಹರಣೆಗೆ ಮರಳೋಣ. ನಿಜವಾದ ಸರಾಸರಿ 240 ಕೆಜಿ. ಹೊಲಗಳು ಆ ಸರಾಸರಿಯಿಂದ ಸಾಮಾನ್ಯವಾಗಿ 80 ಕೆಜಿ ಆಚೀಚೆ ಇವೆ ಎಂದುಕೊಳ್ಳಿ. n ಹೊಲಗಳ ಸರಾಸರಿ ತೆಗೆದರೆ ಚದುರುವಿಕೆ n ಸಂಖ್ಯೆಯ ವರ್ಗಮೂಲದಷ್ಟು ಪಾಲು ಇಳಿಯುತ್ತದೆ ಎಂಬುದು ಸಂಖ್ಯಾಶಾಸ್ತ್ರದ ನಿಯಮ. 4ರ ವರ್ಗಮೂಲ 2. ಹಾಗಾಗಿ ನಾಲ್ಕು ತಾಕಿನ ಸರಾಸರಿ ಸುಮಾರು 40 ಕೆಜಿ ಆಚೀಚೆ ಆಗುತ್ತದೆ. ಮೂರರಲ್ಲಿ ಎರಡು ಸಲ 200ರಿಂದ 280ರ ನಡುವೆ ಬರುತ್ತದೆ, ಉಳಿದ ಒಂದು ಸಲ ಅದರಾಚೆ. ಇದನ್ನು ಅರ್ಧಕ್ಕೆ ಇಳಿಸಬೇಕೆಂದರೆ ತಾಕುಗಳು ಎಂಟಾದರೆ ಸಾಲದು, ಹದಿನಾರು ಬೇಕು.

ಅಂದರೆ ನಾಲ್ಕು ತಾಕು ಮೋಸವಲ್ಲ, ಆದರೆ ಬಲು ಒರಟು ಅಳತೆ. ಇನ್ನೂ ಬೇಕು ಎಂದು ರೈತರು ಕೇಳಿದರೆ ಅದು ನ್ಯಾಯವೇ.

ಹಗ್ಗದ ಅಂಚಿನ ಜಗಳ

ಹಾಗಾದರೆ ಸಣ್ಣ ಸಣ್ಣ ತಾಕು ಹಾಕಿ ಹೆಚ್ಚು ಕಡೆ ಕೊಯ್ದರೆ ಆಗದೇ? 1940ರ ದಶಕದಲ್ಲಿ ಭಾರತದ ಇಬ್ಬರು ದೊಡ್ಡ ಸಂಖ್ಯಾಶಾಸ್ತ್ರಜ್ಞರು ಇದೇ ಪ್ರಶ್ನೆಯ ಮೇಲೆ ವಾದ ಮಾಡಿದರು.

ಒಬ್ಬರು ಪ್ರಶಾಂತಚಂದ್ರ ಮಹಾಲನೋಬಿಸ್. 1931ರಲ್ಲಿ ಕೋಲ್ಕತ್ತದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದವರು. ತರಬೇತಿ ಪಡೆದ ಸಿಬ್ಬಂದಿ ಪುಟ್ಟ ವೃತ್ತಾಕಾರದ ತಾಕುಗಳನ್ನು ಹೆಚ್ಚು ಕಡೆ ಕೊಯ್ದರೆ ಅದೇ ಖರ್ಚಿನಲ್ಲಿ ಚದುರುವಿಕೆ ಇಳಿಯುತ್ತದೆ ಎಂಬುದು ಅವರ ನಿಲುವು. ಇನ್ನೊಬ್ಬರು ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಪಾಂಡುರಂಗ ವಾಸುದೇವ ಸುಖಾತ್ಮೆ. ಆಗಿನ ಕೃಷಿ ಸಂಶೋಧನಾ ಮಂಡಳಿಯಲ್ಲಿದ್ದವರು. ತಾಕು ಸಣ್ಣದಾದರೆ ಅಂಕಿ ಮೇಲಕ್ಕೆ ವಾಲುತ್ತದೆ ಎಂದರು.

ಸುಖಾತ್ಮೆ ಬರೀ ವಾದ ಮಾಡಲಿಲ್ಲ, ತೂಗಿ ತೋರಿಸಿದರು. ಉತ್ತರ ಪ್ರದೇಶದ ಮೊರಾದಾಬಾದ್ ಜಿಲ್ಲೆಯ ಗೋಧಿ ಹೊಲಗಳಲ್ಲಿ ಬೇರೆ ಬೇರೆ ಅಳತೆಯ ತಾಕುಗಳನ್ನು ಹೋಲಿಸಿದರು. 2 ಅಡಿ ತ್ರಿಜ್ಯದ ಪುಟ್ಟ ವೃತ್ತದಲ್ಲಿ ಇಳುವರಿ ನಿಜಕ್ಕಿಂತ ಸುಮಾರು ಶೇ 40ರಷ್ಟು ಹೆಚ್ಚಾಗಿ ಬಂತು. ತಾಕು ದೊಡ್ಡದಾದಂತೆ ತಪ್ಪು ಕರಗುತ್ತಾ ಹೋಯಿತು.

ಕಾರಣ ತಾಕಿನ ಅಂಚು. ಹಗ್ಗದ ಮೇಲೆಯೇ ನಿಂತ ಗಿಡವನ್ನು ಒಳಗೆ ಸೇರಿಸಬೇಕೋ ಬಿಡಬೇಕೋ? ತೆನೆ ತುಂಬಿದ ಗಿಡ ಕಂಡರೆ ಕೈ ತಾನಾಗಿ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ನಾಲ್ಕೂ ಬದಿಗೆ ಬರೀ 5 ಸೆಂಟಿಮೀಟರ್ ಹೆಚ್ಚಿಗೆ ಕೊಯ್ದರೆ:

• 1 ಮೀಟರ್ ಚೌಕದ ತಾಕಿನಲ್ಲಿ ಶೇ 21ರಷ್ಟು ಹೆಚ್ಚು ಬೆಳೆ ಸೇರುತ್ತದೆ.
• 5 ಮೀಟರ್ ಚೌಕದಲ್ಲಿ ಶೇ 4ರಷ್ಟು.
• 10 ಮೀಟರ್ ಚೌಕದಲ್ಲಿ ಶೇ 2ರಷ್ಟು.

ಒಬ್ಬರು ಚದುರುವಿಕೆಯ ವೈರಿ, ಇನ್ನೊಬ್ಬರು ವಾಲುವಿಕೆಯ ವೈರಿ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಈಗಿನ ವಿಮೆಯ ರೈತರ ದೃಷ್ಟಿಯಿಂದ ನೋಡಿದರೆ ಸುಖಾತ್ಮೆಯವರ ಎಚ್ಚರಿಕೆ ತೂಕದ್ದು. ಅಂಚಿನ ತಪ್ಪು ಯಾವಾಗಲೂ ಇಳುವರಿಯನ್ನು ಮೇಲಕ್ಕೇ ತಳ್ಳುತ್ತದೆ, ಪರಿಹಾರವನ್ನು ಯಾವಾಗಲೂ ಕೆಳಕ್ಕೇ.

ಉಪಗ್ರಹಕ್ಕೆ ನಿಜವಾಗಿ ಕಾಣುವುದೇನು?

ಯುರೋಪಿನ ಸೆಂಟಿನೆಲ್-2 ಉಪಗ್ರಹ ಜೋಡಿ ಸುಮಾರು 5 ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತದೆ. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಚೌಕ. ಇಡೀ ಪಂಚಾಯಿತಿ ಒಂದೇ ಚಿತ್ರದಲ್ಲಿ ಸಿಗುವುದರಿಂದ ನಾಲ್ಕು ತಾಕಿನ ಹಾಗೆ ಓಲಾಟವಿಲ್ಲ. ಇದು ಅದರ ದೊಡ್ಡ ಗುಣ.

ಆದರೆ ಉಪಗ್ರಹ ಕಾಳು ತೂಗುವುದಿಲ್ಲ. ಎಲೆಯ ಹಸಿರು ಎಷ್ಟಿದೆ ಎಂದು ಬೆಳಕಿನಿಂದ ಅಳೆಯುತ್ತದೆ. ಹಸಿರಿನಿಂದ ಕಾಳಿಗೆ ಹೋಗುವುದು ಒಂದು ಗಣಿತದ ಸೂತ್ರ. ಹೆಸರು ಕಾಯಿ ಬಲಿತ ಮೇಲೆ ಮಳೆ ಹಿಡಿದು ಕಾಯಿಯಲ್ಲೇ ಮೊಳಕೆ ಬಂದರೆ, ಮೇಲಿನಿಂದ ನೋಡುವವರಿಗೆ ಹೊಲ ಹಸಿರಾಗಿಯೇ ಕಾಣುತ್ತದೆ. ಮುಂಗಾರಿನಲ್ಲಿ ಮೋಡ ಕವಿದರೆ ಬೆಳಕಿನ ಚಿತ್ರವೇ ಸಿಗುವುದಿಲ್ಲ. ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡಿಯಲ್ಲ, ಆದರೆ ಅದೂ ಕಾಳನ್ನು ನೇರವಾಗಿ ನೋಡುವುದಿಲ್ಲ. ಮಲೆನಾಡಿನ ಸೆರಗಿನ ಕಲಘಟಗಿಯಂಥ ಕಡೆ ಸಣ್ಣ ಗದ್ದೆ, ಬದುವಿನ ಮರ, ಅಕ್ಕಪಕ್ಕದ ಬೇರೆ ಬೆಳೆ ಎಲ್ಲ ಒಂದೇ ಚುಕ್ಕೆಯಲ್ಲಿ ಬೆರೆತುಹೋಗಬಹುದು.

ಇನ್ನೊಂದು ವಿಷಯವನ್ನು ಸಂದೇಶಗಳು ಹೇಳುವುದೇ ಇಲ್ಲ. ಉಪಗ್ರಹದ ಸೂತ್ರ ಸರಿಯೋ ತಪ್ಪೋ ಎಂದು ನೋಡಲು ನೆಲದ ಮೇಲೆ ಕೊಯ್ದು ತೂಗಿದ ಅಂಕಿ ಬೇಕೇ ಬೇಕು. ಕಟಾವು ಪ್ರಯೋಗವನ್ನು ಪೂರ್ತಿ ನಿಲ್ಲಿಸಿದರೆ ಉಪಗ್ರಹದ ತಪ್ಪು ಹಿಡಿಯುವವರೇ ಇರುವುದಿಲ್ಲ.

ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ

ಪೈಪೋಟಿಯಲ್ಲಿರುವ ವಿಧಾನಗಳನ್ನು ಸಂಖ್ಯಾಶಾಸ್ತ್ರಜ್ಞರು ಹೋಲಿಸುವ ಬಗೆ ಸರಳ. ವಾಲುವಿಕೆಯ ವರ್ಗ, ಚದುರುವಿಕೆಯ ವರ್ಗ ಎರಡನ್ನೂ ಕೂಡಿಸಿ ವರ್ಗಮೂಲ ತೆಗೆಯುತ್ತಾರೆ. ಬಂದ ಉತ್ತರ ಒಟ್ಟು ತಪ್ಪಿನ ಅಳತೆ. ಕಡಿಮೆ ಇದ್ದಷ್ಟೂ ಒಳ್ಳೆಯದು.

ನಮ್ಮ ಕಾಲ್ಪನಿಕ ಪಂಚಾಯಿತಿಯಲ್ಲಿ ನಾಲ್ಕು ತಾಕಿನ ಲೆಕ್ಕಕ್ಕೆ ವಾಲುವಿಕೆ 0, ಚದುರುವಿಕೆ 40. ಉಪಗ್ರಹದ ಲೆಕ್ಕ ಪ್ರತಿ ಸಲ 35 ಕೆಜಿ ಮೇಲಕ್ಕೆ ವಾಲುತ್ತದೆ, ಚದುರುವಿಕೆ 15 ಮಾತ್ರ ಎಂದುಕೊಳ್ಳೋಣ.

• ಬರೀ ನಾಲ್ಕು ತಾಕು: ಒಟ್ಟು ತಪ್ಪು 40 ಕೆಜಿ.
• ಬರೀ ಉಪಗ್ರಹ: ಸುಮಾರು 38 ಕೆಜಿ.
• ತಾಕಿಗೆ 70 ಪಾಲು, ಉಪಗ್ರಹಕ್ಕೆ 30 ಪಾಲು ಕೊಟ್ಟು ಬೆರೆಸಿದರೆ: ಸುಮಾರು 30 ಕೆಜಿ.

ಒಂಟಿಯಾಗಿ ಎರಡೂ ಹೆಚ್ಚುಕಡಿಮೆ ಸಮ, ಬೆರೆಸಿದರೆ ಎರಡಕ್ಕಿಂತಲೂ ಮೇಲು. ಒಂದರ ದೋಷವನ್ನು ಇನ್ನೊಂದು ತಗ್ಗಿಸುತ್ತದೆ. 70-30 ಎಂಬುದು ಸುಮ್ಮನೆ ಹಿಡಿದ ಅಂಕಿಯಲ್ಲ. ಕೇಂದ್ರ ಸರ್ಕಾರ 2023ರ ಮುಂಗಾರಿನಿಂದ 'ಯೆಸ್-ಟೆಕ್' ಹೆಸರಿನಲ್ಲಿ ಭತ್ತ ಮತ್ತು ಗೋಧಿಗೆ ತಂತ್ರಜ್ಞಾನ ಆಧಾರಿತ ಇಳುವರಿಗೆ ಕನಿಷ್ಠ ಶೇ 30 ತೂಕ ಕೊಡುವ ಕ್ರಮ ತಂದಿತು. 2024ರ ಮುಂಗಾರಿನಿಂದ ಸೋಯಾಬೀನ್ ಸೇರಿತು. ಅಂದರೆ ಆ ಕ್ರಮದಲ್ಲೂ ಕಟಾವು ಪ್ರಯೋಗವನ್ನು ಕೈಬಿಟ್ಟಿಲ್ಲ.

ಆದರೆ ಬೆರೆಸುವುದು ಯಾವಾಗಲೂ ಲಾಭವಲ್ಲ. ಉಪಗ್ರಹದ ವಾಲುವಿಕೆ 35ರ ಬದಲು 100 ಕೆಜಿ ಇದ್ದರೆ ಬೆರೆಸಿದ ಲೆಕ್ಕದ ತಪ್ಪು 41 ದಾಟುತ್ತದೆ, ಬರೀ ನಾಲ್ಕು ತಾಕಿಗಿಂತ ಕೆಟ್ಟದಾಗುತ್ತದೆ. ಇನ್ನೂ ಒಂದು ಮಾತು ನೆನಪಿಡಿ. ತಾಕಿನ ತಪ್ಪು ಈ ವರ್ಷ ಮೇಲಾದರೆ ಇನ್ನೊಂದು ವರ್ಷ ಕೆಳಗಾಗುತ್ತದೆ. ವಾಲುವಿಕೆ ವರ್ಷವರ್ಷವೂ ಒಂದೇ ಜೇಬಿಗೆ ಕೈಹಾಕುತ್ತದೆ. ಒಟ್ಟು ತಪ್ಪಿನ ಅಂಕಿ ಸಮವಿದ್ದರೂ ಎರಡೂ ಒಂದೇ ಅಲ್ಲ.

ಆದ್ದರಿಂದ ಯಾರಾದರೂ 'ನಮ್ಮ ವಿಧಾನ ಶೇ 95 ನಿಖರ' ಎಂದರೆ ಎರಡು ಪ್ರಶ್ನೆ ಕೇಳಿ. ಯಾವ ಹೊಲಗಳ ಮೇಲೆ ಪರೀಕ್ಷಿಸಿದಿರಿ? ಸೂತ್ರ ಕಟ್ಟಲು ಬಳಸಿದ ಹೊಲಗಳನ್ನೇ ಪರೀಕ್ಷೆಗೂ ಬಳಸಿದಿರಾ? ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ನಡೆಸಿದರೆ ಎಲ್ಲರೂ ಪಾಸು. ಸೂತ್ರ ಹಿಂದೆಂದೂ ಕಾಣದ ಹೊಲಗಳಲ್ಲಿ ಕೊಯ್ದು, ತೂಗಿ, ಹೋಲಿಸಿದ್ದರೆ ಮಾತ್ರ ಆ ಅಂಕಿಗೆ ಬೆಲೆ.

ಕೆಟ್ಟ ಹೊಲ ತೋರಿಸಿದರೆ ಲಾಭವೇ?

'ಅಧಿಕಾರಿಗಳು ಬಂದಾಗ ಹಾಳಾದ ಹೊಲಕ್ಕೇ ಕರೆದುಕೊಂಡು ಹೋಗಿ' ಎಂಬ ಸಲಹೆಯೂ ಕೇಳಿಬರುತ್ತದೆ. ಅದೂ ವಾಲುವಿಕೆಯೇ, ದಿಕ್ಕು ಮಾತ್ರ ಬೇರೆ. ಅದರ ಬಿಸಿ ಮುಂದೆ ನಿಮಗೇ ತಟ್ಟುತ್ತದೆ. ಪ್ರಾರಂಭಿಕ ಇಳುವರಿಯನ್ನು ಲೆಕ್ಕ ಹಾಕುವುದು ಹಿಂದಿನ 7 ವರ್ಷಗಳಲ್ಲಿ ಹೆಚ್ಚು ಇಳುವರಿ ಬಂದ 5 ವರ್ಷಗಳ ಸರಾಸರಿಯ ಮೇಲೆ. ಒಂದೆರಡು ವರ್ಷ ಸುಳ್ಳು ಕಡಿಮೆ ಅಂಕಿ ಬರೆಸಿದರೆ ಅವು ಬಿಟ್ಟುಹೋಗಬಹುದು. ಅದೇ ರೂಢಿಯಾದರೆ ಪ್ರಾರಂಭಿಕ ಇಳುವರಿಯೇ ಕುಸಿಯುತ್ತದೆ. ಆಮೇಲೆ ನಿಜವಾಗಿ ಬೆಳೆ ಹೋದ ವರ್ಷ ಕೊರತೆ ಕಾಣಿಸದೆ ಕೈಗೆ ಬರುವ ಪರಿಹಾರ ಕರಗುತ್ತದೆ.

ಕಟಾವಿನ ದಿನ ಏನು ನೋಡಬೇಕು?

• ಆರಿಸಿದ ಸರ್ವೆ ನಂಬರಿನ ಹೊಲದಲ್ಲೇ ಕೊಯ್ಯುತ್ತಿದ್ದಾರೆಯೇ? ರಸ್ತೆ ಪಕ್ಕದ್ದು, ಹತ್ತಿರದ್ದು ಎಂದು ಬದಲಾಯಿಸಿದರೆ ಚೀಟಿ ಎತ್ತಿದ್ದು ವ್ಯರ್ಥ.
• ಟೇಪು, ಹಗ್ಗ ಬಿಗಿಯಾಗಿವೆಯೇ? ನಾಲ್ಕೂ ಮೂಲೆ ಚೌಕವಾಗಿವೆಯೇ?
• ಅಂಚಿನ ಗಿಡದ ಬುಡ ಎಲ್ಲಿದೆ ಎಂದು ನೋಡಿ. ಬುಡ ಹೊರಗಿದ್ದು ಕೊಂಬೆ ಒಳಗೆ ಬಾಗಿದ್ದರೆ ಅದು ಸೇರಬಾರದು. 30 ಸೆಂಟಿಮೀಟರ್ ಅಂತರದ ಸಾಲಿನ ಬೆಳೆಯಲ್ಲಿ 5 ಮೀಟರಿಗೆ ಸುಮಾರು 16 ಸಾಲು ಬೀಳುತ್ತವೆ. ಒಂದು ಸಾಲು ಹೆಚ್ಚಿಗೆ ಸೇರಿದರೂ ಇಳುವರಿ ಶೇ 6ರಷ್ಟು ಏರುತ್ತದೆ.
• ತೂಗುವ ಮುನ್ನ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ? 25 ಚದರ ಮೀಟರಿನ ತೂಕವನ್ನು ಹೆಕ್ಟೇರಿಗೆ ಏರಿಸಲು 400ರಿಂದ ಗುಣಿಸುತ್ತಾರೆ. ತಾಕಿನಲ್ಲಿ 100 ಗ್ರಾಂ ತಪ್ಪಾದರೆ ಹೆಕ್ಟೇರಿಗೆ 40 ಕೆಜಿ ತಪ್ಪು.
• ಹತ್ತಿ, ಮೆಣಸಿನಕಾಯಿಯಂತೆ ಹಲವು ಸಲ ಬಿಡಿಸುವ ಬೆಳೆಯಲ್ಲಿ ಎಲ್ಲ ಬಿಡಿಸುವಿಕೆಯ ತೂಕವೂ ಸೇರಬೇಕು.
• ಕೊಯ್ದು ಹೊಲದಲ್ಲಿ ಒಣಹಾಕಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕರೆ ಅದರ ಲೆಕ್ಕ ಬೇರೆ. ಯೋಜನೆಯಲ್ಲಿ ಕೊಯ್ಲಿನ ನಂತರ 14 ದಿನದವರೆಗೆ ಅದಕ್ಕೆ ರಕ್ಷಣೆ ಇದೆ. ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು.

ನಿಮ್ಮ ಪಂಚಾಯಿತಿಯಲ್ಲಿ ಎಷ್ಟು ಪ್ರಯೋಗ ನಡೆದವು, ಪ್ರತಿ ತಾಕಿನ ತೂಕ ಎಷ್ಟು ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಸರಾಸರಿ ಅಂಕಿಯೊಂದನ್ನೇ ಕೇಳಬೇಡಿ, ಬಿಡಿ ಬಿಡಿ ತಾಕಿನ ಅಂಕಿ ಕೇಳಿ. ನಾಲ್ಕು ತಾಕಿನ ತೂಕ ಒಂದಕ್ಕೊಂದು ಎಷ್ಟು ದೂರ ಇವೆ ಎಂದು ನೋಡಿದರೆ ಸರಾಸರಿಯನ್ನು ಎಷ್ಟು ನಂಬಬಹುದು ಎಂದು ನಿಮಗೇ ತಿಳಿಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

'ನಾಲ್ಕೇ ಹೊಲ, ಆದ್ದರಿಂದ ಮೋಸ' ಎಂಬ ಮಾತು ಪೂರ್ತಿ ಸರಿಯಲ್ಲ. 'ನಾಲ್ಕೇ ಹೊಲ, ಆದ್ದರಿಂದ ಒರಟು ಲೆಕ್ಕ, ಇನ್ನಷ್ಟು ತಾಕು ಬೇಕು' ಎನ್ನುವುದು ಸರಿ. 'ಉಪಗ್ರಹ ತಪ್ಪುವುದೇ ಇಲ್ಲ' ಎಂಬುದು ತಪ್ಪು. 'ಉಪಗ್ರಹ ಬರಲಿ, ಜೊತೆಗೆ ನೆಲದ ಮೇಲೆ ತೂಗಿ ಅದನ್ನು ಪರೀಕ್ಷಿಸುವವರೂ ಇರಲಿ' ಎನ್ನುವುದು ಸರಿ. ಸರಿಯಾದ ಮಾತು ಬರೆದು ಕಳಿಸಿದರೆ ಕೃಷಿ ಇಲಾಖೆಯ ಮುಂದೆ ಇಡಲು ಊರವರ ಕೈಯಲ್ಲಿ ಒಂದು ಗಟ್ಟಿ ಬೇಡಿಕೆಯಾದರೂ ಇರುತ್ತದೆ.